ಎನ್‌ಪಿಎಸ್: ಪ್ರಕಟವಾಗೋ ರಿಟರ್ನ್ ನಮ್ಮ ಖಾತೆಗೆ ನಿಜವಾಗ್ಲೂ ಬಂದಿದೆಯಾ, ತಾಳೆ ನೋಡೋದು ಹೇಗೆ?

ಮಂಡ್ಯ ಪ್ರೌಢಶಾಲೆ:
ರಾಜ್ಯ ಸರ್ಕಾರಿ ನೌಕರರ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ), ನಾವೇ ಫಂಡ್ ಆರಿಸದಿದ್ರೆ ತಾನಾಗೇ ಸಿಗೋ ಡೀಫಾಲ್ಟ್ ಆಯ್ಕೆ. ದುಡ್ಡು ಎಸ್‌ಬಿಐ, ಎಲ್‌ಐಸಿ, ಯುಟಿಐ ಮೂರಕ್ಕೂ ಹಂಚಿಹೋಗುತ್ತೆ. ಈಗಿನ ಮೌಲ್ಯದಲ್ಲಿ ಕಟ್ಟಿದ್ದನ್ನ ಕಳೆದು, ಕಟ್ಟಿದ್ದರಿಂದಲೇ ಭಾಗಿಸಿದ್ರೆ, ಎನ್‌ಪಿಎಸ್ ಟ್ರಸ್ಟ್ ಹಾಕೋ ವರ್ಷದ ರಿಟರ್ನ್‌ನ ಅರ್ಧದಷ್ಟೇ ಬರುತ್ತೆ. ವ್ಯತ್ಯಾಸ ಎಲ್ಲಿದೆ ಅಂತ ಯಾವ ಕ್ರಮದಲ್ಲಿ ಹುಡುಕಬೇಕು?

ಸರಸ್ವತಿಪುರಂ ಲೆಕ್ಕ:
ಸಾರ್, ಒಂದು ವರ್ಷದ ಕಂತುಗಳಿಗೆ ಆ ಭಾಗಾಕಾರದಲ್ಲಿ ಅರ್ಧ ಬರೋದು ಸಹಜ. ಪ್ರತಿ ತಿಂಗಳ ಮೊದಲ ದಿನ 10,000 ಕಟ್ಟಿ, ಫಂಡ್ ವರ್ಷಕ್ಕೆ ಸರಿಯಾಗಿ ಶೇ 10 ಬೆಳೆದ್ರೂ ಕೊನೆಗೆ ಕೈಲಿರೋದು ಸುಮಾರು 1,26,400. 1,20,000ಕ್ಕೆ ಅದು ಶೇ 5.3 ಮಾತ್ರ, ಯಾಕಂದ್ರೆ ಕೊನೇ ಕಂತು ದುಡಿದದ್ದು ಒಂದೇ ತಿಂಗಳು.

ಎಕ್ಸೆಲ್‌ನಲ್ಲಿ ಎಕ್ಸ್‌ಐಆರ್‌ಆರ್ (ಪ್ರತಿ ಕಂತಿನ ದಿನಾಂಕ ನೋಡಿ ವರ್ಷದ ರಿಟರ್ನ್ ಹೇಳೋ ಸೂತ್ರ) ಹಾಕಿ. ಒಂದು ಕಾಲಂನಲ್ಲಿ ದಿನಾಂಕ, ಪಕ್ಕದಲ್ಲಿ ಕಂತು ಮೈನಸ್‌ನಲ್ಲಿ, ಕೊನೇ ಸಾಲಲ್ಲಿ ಇವತ್ತಿನ ಮೌಲ್ಯ ಪ್ಲಸ್‌ನಲ್ಲಿ. ಸರ್ಕಾರದ ಪಾಲನ್ನೂ ಕಂತಿಗೆ ಸೇರಿಸ್ಲೇಬೇಕು. ಬಿಟ್ರೆ ರಿಟರ್ನ್ ಸುಳ್ಳುಸುಳ್ಳೇ ಉಬ್ಬುತ್ತೆ. ಒಂದೇ ವರ್ಷದ್ದು ನೋಡೋದಾದ್ರೆ ಏಪ್ರಿಲ್ 1ರ ಆರಂಭದ ಮೌಲ್ಯವೂ ಮೈನಸ್ ಸಾಲಾಗಿ ಬರಬೇಕು. ಖಾತೆ ಸ್ಟೇಟ್‌ಮೆಂಟ್‌ನಲ್ಲಿ ‘ರೀಬ್ಯಾಲೆನ್ಸಿಂಗ್’ ಅಂತಿರೋ ಸಾಲುಗಳನ್ನ ಬಿಟ್ಟುಬಿಡಿ, ಅದು ಒಂದು ಸ್ಕೀಮಿಂದ ಇನ್ನೊಂದಕ್ಕೆ ಯೂನಿಟ್ (ಫಂಡ್‌ನಲ್ಲಿ ನಮ್ಮ ಪಾಲು) ಹೋಗಿದ್ದು, ಹೊಸ ದುಡ್ಡಲ್ಲ.

ಕುವೆಂಪುನಗರ:
ಮೊದಲು ಫಂಡ್ ಹೇಳಿದ್ದನ್ನೇ ಪರೀಕ್ಷಿಸಿ. ಕೊನೇ ಎನ್‌ಎವಿಯನ್ನ (ಒಂದು ಯೂನಿಟ್‌ನ ಆ ದಿನದ ಬೆಲೆ) ಮೊದಲ ಎನ್‌ಎವಿಯಿಂದ ಭಾಗಿಸಿ, 365 ಭಾಗಿಸು ದಿನಗಳ ಸಂಖ್ಯೆ ಅನ್ನೋ ಘಾತ ಕೊಟ್ಟು, 1 ಕಳೆಯಿರಿ. 5 ವರ್ಷದಲ್ಲಿ 20.0000 ಇದ್ದದ್ದು 29.3866 ಆಗಿದ್ರೆ ಶೇ 8. ಮೂರೂ ಫಂಡ್‌ಗೆ ಬೇರೆಬೇರೆ ಮಾಡಿ. ಇಲ್ಲಿ ಬಹಳ ಜನ ಎಡವೋದು ಕೇಂದ್ರ ಸರ್ಕಾರಿ ಸ್ಕೀಮ್‌ನ ಎನ್‌ಎವಿ ತಗೊಂಡು. ನಿಮ್ಮದು ರಾಜ್ಯ ಸರ್ಕಾರಿ ಸ್ಕೀಮ್, ಟಿಯರ್-1 (ಮುಖ್ಯ ಪಿಂಚಣಿ ಖಾತೆ).

ಫಂಡ್ ನಿರ್ವಹಣಾ ಶುಲ್ಕ ಎನ್‌ಎವಿಯೊಳಗೇ ಕಳೆದಿರುತ್ತೆ, ಮತ್ತೆ ಕಳೀಬೇಡಿ. ‘ಆರಂಭದಿಂದ’ ಅನ್ನೋ ರಿಟರ್ನ್ 10 ರೂಪಾಯಿ ಎನ್‌ಎವಿಯಿಂದ ಶುರುವಾಗಿದ್ದು. ನೀವು ಸೇರಿದ ವರ್ಷ ಬೇರೆಯಾದ್ರೆ ಅದಕ್ಕೆ ಹೋಲಿಸಿ ಉಪಯೋಗವಿಲ್ಲ.

ಮದ್ದೂರು ಖಜಾನೆ ಓದುಗ:
ಇಬ್ಬರೂ ಹೇಳಿದ್ದು ಸರಿ, ಆದ್ರೆ ನೌಕರರಿಗೆ ನಿಜವಾದ ನಷ್ಟ ಆಗೋದು ಈ ಎರಡೂ ಲೆಕ್ಕದಲ್ಲಿ ಕಾಣಲ್ಲ. ಸ್ಟೇಟ್‌ಮೆಂಟ್‌ನ ದಿನಾಂಕ ಅಂದ್ರೆ ಯೂನಿಟ್ ಕೊಂಡ ದಿನ. ಸಂಬಳದಲ್ಲಿ ಕಡಿತವಾಗಿ ಮೂರು ತಿಂಗಳು ತಡವಾಗಿ ಜಮಾ ಆಗಿದ್ರೂ ಎಕ್ಸ್‌ಐಆರ್‌ಆರ್ ಚೆನ್ನಾಗೇ ತೋರಿಸುತ್ತೆ.

ಎಚ್‌ಆರ್‌ಎಂಎಸ್ (ಸರ್ಕಾರಿ ನೌಕರರ ವೇತನ ತಂತ್ರಾಂಶ) ವೇತನ ಚೀಟಿಗಳನ್ನ ಪಕ್ಕದಲ್ಲಿಟ್ಕೊಂಡು ಪ್ರತಿ ತಿಂಗಳಿಗೂ ಕಡಿತದ ದಿನದ ಎನ್‌ಎವಿಯಲ್ಲಿ ಎಷ್ಟು ಯೂನಿಟ್ ಬರಬೇಕಿತ್ತು ಅಂತ ಇನ್ನೊಂದು ಕಾಲಂ ಮಾಡಿ. 9,000 ರೂಪಾಯಿಗೆ 30.0000ರಲ್ಲಿ 300 ಯೂನಿಟ್. ತಡವಾಗಿ 30.6000ರಲ್ಲಿ ಕೊಂಡಿದ್ರೆ 294.1176. ಎನ್‌ಎವಿ 36 ಆದ ದಿನ ಆ 5.8824 ಯೂನಿಟ್‌ಗೆ ಸುಮಾರು 212 ರೂಪಾಯಿ, ಅದೂ ಒಂದೇ ತಿಂಗಳ ಕಂತಿಗೆ. ಮಾರುಕಟ್ಟೆ ಬಿದ್ದಿದ್ದಾಗ ತಡ ಲಾಭವೂ ಆಗಬಹುದು, ಹಾಗಾಗಿ ಎಲ್ಲ ತಿಂಗಳನ್ನೂ ಕೂಡಿಸಿ ನೋಡಿ.

ಮಂಡ್ಯ ಪ್ರೌಢಶಾಲೆ:
ಒಂದು ತಿಂಗಳ ಕಂತು ಸ್ಟೇಟ್‌ಮೆಂಟ್‌ನಲ್ಲಿ ಇಲ್ಲವೇ ಇಲ್ಲ ಅಂದ್ರೆ?

ಮದ್ದೂರು ಖಜಾನೆ ಓದುಗ:
ಮೊದಲು ಮುಂದಿನ ತಿಂಗಳುಗಳಲ್ಲಿ ‘ಅರಿಯರ್’ (ಬಾಕಿ) ಅಂತ ಬಂದಿದೆಯಾ ನೋಡಿ. ಬಂದಿಲ್ಲದಿದ್ರೆ ವೇತನ ಚೀಟಿ, ಖಜಾನೆ ವೋಚರ್ ಸಂಖ್ಯೆ, ದಿನಾಂಕ ಬರೆದು ಡಿಡಿಓಗೆ (ಸಂಬಳದ ಬಿಲ್ ಮಾಡೋ ಅಧಿಕಾರಿ) ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸ್ಕೊಳ್ಳಿ. ಬಾಯಿಮಾತಲ್ಲಿ ಹೇಳಿ ಬರಬೇಡಿ. ಜೊತೆಗೆ ಪ್ರಾನ್ (ಎನ್‌ಪಿಎಸ್ ಖಾತೆ ಸಂಖ್ಯೆ) ಲಾಗಿನ್‌ನಲ್ಲೇ ದೂರು ದಾಖಲಿಸಿ, ಟೋಕನ್ ಸಂಖ್ಯೆ ಸಿಗುತ್ತೆ. 30 ದಿನದಲ್ಲಿ ಬಗೆಹರಿಯದಿದ್ರೆ ಅದೇ ಟೋಕನ್ ಹಿಡಿದು ಎನ್‌ಪಿಎಸ್ ಟ್ರಸ್ಟ್‌ಗೆ ಮೇಲ್ದೂರು ಹಾಕಿ.