ಐಸಿಎಂಆರ್ ದುಡ್ಡು ಕಾಲೇಜುಗಳಿಗೂ ಸಿಗುತ್ತಾ?

ತೀರ್ಥಹಳ್ಳಿ_ಅಪ್ಪ:
ಮಗಳು ಎರಡನೇ ವರ್ಷದ ಎಂಬಿಬಿಎಸ್. ರಕ್ತಹೀನತೆ ಬಗ್ಗೆ ಸಣ್ಣ ಪ್ರಾಜೆಕ್ಟ್ ಬರೆದು ಐಸಿಎಂಆರ್‌ಗೆ ಕಳಿಸುತ್ತಾಳಂತೆ. ಆ ಹೆಸರು ಕೇಳಿದರೆ ನನಗೆ ಕೋವಿಡ್ ಟೆಸ್ಟ್ ಬಿಟ್ಟು ಬೇರೇನೂ ನೆನಪಾಗಲ್ಲ. ಅವರು ದುಡ್ಡೂ ಕೊಡ್ತಾರಾ? ಶಿಫಾರಸು ಬೇಕಾ?

ಫೀಲ್ಡ್_ಸೀನಣ್ಣ:
ಸರ್, ನಾನು ಇಂಥ ಪ್ರಾಜೆಕ್ಟ್‌ಗಳಲ್ಲಿ ತೂಕದ ಯಂತ್ರ ಹೊತ್ತು ಮನೆ ಮನೆ ಸುತ್ತಿದವನು. ಐಸಿಎಂಆರ್ ಅಂದರೆ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ, ಅದು ಹುಟ್ಟಿದ್ದೇ ಸಂಶೋಧನೆಗೆ ದುಡ್ಡು ಕೊಡೋಕೆ. 1911ರಲ್ಲಿ ಅದರ ಹೆಸರು ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್. ಈಗಿನ ಹೆಸರು ಬಂದಿದ್ದು 1949ರಲ್ಲಿ. ಪುಣೆಯ ವೈರಾಲಜಿ ಸಂಸ್ಥೆ, ನಮ್ಮ ಬೆಳಗಾವಿಯಲ್ಲಿರುವ ಸಂಸ್ಥೆ ಎಲ್ಲ ಅದರದ್ದೇ. ಹೊರಗಿನ ಕಾಲೇಜಿನವರು ಪ್ರಪೋಸಲ್ ಕಳಿಸಿದರೆ ತಜ್ಞರು ನೋಡುತ್ತಾರೆ, ಒಪ್ಪಿದರೆ ಕಂತಿನಲ್ಲಿ ಹಣ ಬರುತ್ತದೆ.

ನನಗೆ ತುಂಬಾ ಹಿಡಿಸಿದ್ದು ಜಾರ್ಖಂಡ್‌ನ ಟಿಬಿ ಅಧ್ಯಯನ. ದುಡ್ಡು ಐಸಿಎಂಆರ್‌ದು, ಮುಂದೆ ನಿಂತು ನಡೆಸಿದವರು ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ. ರೋಗಿಗಳಿಗೆಲ್ಲ ರೇಷನ್ ಕೊಟ್ಟರು. ಒಂದು ಗುಂಪಿನಲ್ಲಿ ಮಾತ್ರ ಮನೆಯವರಿಗೂ ಕೊಟ್ಟರು, ತಿಂಗಳಿಗೆ ತಲೆಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಉಳಿದ ಗುಂಪಿಗೆ ಹೋಲಿಸಿದರೆ ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು ಶೇ. 39ರಷ್ಟು ಕಡಿಮೆಯಾಯಿತು. 2023ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಕ್ಕಿ ಬೇಳೆಗೆ ಪೇಟೆಂಟ್ ಸಿಗಲ್ಲ, ಯಾವ ಔಷಧ ಕಂಪನಿ ಇದಕ್ಕೆ ಕಾಸು ಬಿಚ್ಚುತ್ತದೆ ಹೇಳಿ? ಸರ್ಕಾರವೇ ಹಾಕಬೇಕು.

ಪಿಜಿ_ರೂಮ್_ನಂ_8:
ಅಂಕಲ್, ಮಗಳು ಹೇಳ್ತಿರೋದು ಐಸಿಎಂಆರ್‌ನ ಎಸ್‌ಟಿಎಸ್, ಅಂದರೆ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ ಇರಬೇಕು. ವಿದ್ಯಾರ್ಥಿಗಳಿಗೆ ಅಂತಲೇ ಇರುವ 2 ತಿಂಗಳ ಪ್ರಾಜೆಕ್ಟ್ ಅದು. ಅಧ್ಯಯನದಿಂದ ಜನರಿಗೆ ತೊಂದರೆ ಆಗಲ್ವಾ ಅಂತ ನೋಡುವ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಸ್ಟೈಪೆಂಡ್ ಮುಂಚೆ ಬರಲ್ಲ, ರಿಪೋರ್ಟ್ ಪಾಸಾದ ಮೇಲೆ. ಶಿಫಾರಸು ಬಿಡಿ, ಒಳ್ಳೆ ಗೈಡ್ ಹುಡುಕೋಕೆ ಹೇಳಿ. ಸಹಿ ಹಾಕಿ ಮಾಯವಾಗುವ ಮೇಷ್ಟ್ರುಗಳು ಜಾಸ್ತಿ.

ತೀರ್ಥಹಳ್ಳಿ_ಅಪ್ಪ:
ಥ್ಯಾಂಕ್ಸ್. ಸೀನಣ್ಣ, ಇಂಥ ಕೆಲಸದಲ್ಲಿ ನಿಮಗೆ ಸಂಬಳ ಸರಿಯಾಗಿ ಬರ್ತಿತ್ತಾ?

ಫೀಲ್ಡ್_ಸೀನಣ್ಣ:
ಅದೊಂದು ಕೇಳಬೇಡಿ! ಹಿಂದಿನ ಕಂತಿನ ಲೆಕ್ಕ, ಯುಸಿ (ಹಣ ಸರಿಯಾಗಿ ಬಳಸಿದ್ದೇವೆ ಅನ್ನೋ ಪ್ರಮಾಣಪತ್ರ) ಹೋಗದೆ ಮುಂದಿನ ಕಂತು ಬರಲ್ಲ. ನಾನಿದ್ದ ಕಾಲೇಜಿನ ಅಕೌಂಟ್ಸ್‌ನವರು ಫೈಲ್ ಮೇಲೆ ಕೂತುಬಿಟ್ಟರು, ದೀಪಾವಳಿಗೆ ನಮಗೆ ಸಂಬಳವೇ ಇಲ್ಲ. ದಿಲ್ಲಿಯ ಐಸಿಎಂಆರ್‌ನವರಿಗೆ ಸುಮ್ನೆ ಬೈದೆವು. ಮಗಳಿಗೆ ಹೇಳಿ, ಬಿಲ್ಲುಗಳನ್ನೆಲ್ಲ ಮೊದಲ ದಿನದಿಂದಲೇ ಒಂದು ಫೈಲಿನಲ್ಲಿ ಇಡಲಿ.