ಯುರೋಪಿನ ಎಐ ನೀತಿ ಕೆಲಸಕ್ಕೆ ಹೊಸಬರನ್ನು ಅಣಿಗೊಳಿಸುವುದು ಹೇಗೆ?

ಪ್ರಶ್ನೆ: ದಾರಿದೀಪ

ಓದು ಮುಗಿಸಿ ಒಂದೆರಡು ವರ್ಷವಾದ ಎಂಟು ಮಂದಿಗೆ ಆರು ತಿಂಗಳು ಮಾರ್ಗದರ್ಶನ ಕೊಡುವ ಯೋಜನೆಯಿದೆ. ನಾಲ್ವರು ಕಾನೂನು ಓದಿದವರು, ನಾಲ್ವರು ಕಂಪ್ಯೂಟರ್ ಸೈನ್ಸ್‌ನವರು. ಐವರು ಯುರೋಪಿಯನ್ ಒಕ್ಕೂಟದ ಪ್ರಜೆಗಳು. ಉಳಿದ ಮೂವರು ಹೊರಗಿನವರು, ನೆದರ್ಲೆಂಡ್ಸ್ ಮತ್ತು ಜರ್ಮನಿಯಲ್ಲಿ ಮಾಸ್ಟರ್ಸ್ ಮುಗಿಸುತ್ತಿದ್ದಾರೆ. ಸಿವಿ ತಿದ್ದುವುದು, ಅಣಕು ಸಂದರ್ಶನ, ವಾರಕ್ಕೊಂದು ಉಪನ್ಯಾಸ ಎಂದು ಸದ್ಯಕ್ಕೆ ಅಂದುಕೊಂಡಿದ್ದೇವೆ. ನಿಜಕ್ಕೂ ಯಾವುದಕ್ಕೆ ಸಮಯ ಕೊಟ್ಟರೆ ಪ್ರಯೋಜನ?

ಉತ್ತರ: ಕಡತಪ್ರಿಯ

ಮೊದಲ ವಾರವೇ ಒಬ್ಬೊಬ್ಬರಿಗೆ ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂದು ಬರೆದಿಟ್ಟುಕೊಳ್ಳಿ. ಇದನ್ನು ಬಿಟ್ಟು ತಯಾರಿಗಿಳಿದರೆ ತಿಂಗಳುಗಟ್ಟಲೆ ಶ್ರಮ ವ್ಯರ್ಥವಾಗುತ್ತದೆ.

ಒಕ್ಕೂಟದ ಸಂಸ್ಥೆಗಳಲ್ಲಿ ಕಾಯಂ ಅಧಿಕಾರಿಯಾಗಲು ಸದಸ್ಯ ದೇಶವೊಂದರ ಪೌರತ್ವ ಬೇಕು. ಗುತ್ತಿಗೆ ಹುದ್ದೆಗಳಿಗೂ ಸಾಮಾನ್ಯವಾಗಿ ಅದೇ ಷರತ್ತು. ನಿಮ್ಮ ಮೂವರಿಗೆ ಅಲ್ಲಿ ಉಳಿಯುವುದು ಮುಖ್ಯವಾಗಿ ಯುರೋಪಿಯನ್ ಕಮಿಷನ್ನಿನ (ಒಕ್ಕೂಟದ ಕಾರ್ಯಾಂಗ) ಬ್ಲೂ ಬುಕ್ ಟ್ರೈನೀಶಿಪ್, ಅಂದರೆ ತರಬೇತಿ ಹುದ್ದೆ. ಅದರಲ್ಲಿ ಹೊರಗಿನವರಿಗೂ ಕೆಲವೇ ಕೆಲವು ಸ್ಥಾನಗಳಿವೆ. ಅವಧಿ ಐದು ತಿಂಗಳು, ಭತ್ಯೆ ಉಂಟು. ತಂಡಗಳು ಮಾರ್ಚ್ 1 ಮತ್ತು ಅಕ್ಟೋಬರ್ 1ರಂದು ಶುರುವಾಗುತ್ತವೆ. ಅಕ್ಟೋಬರ್ ತಂಡಕ್ಕೆ ಅರ್ಜಿ ವರ್ಷದ ಆರಂಭದಲ್ಲಿ, ಮಾರ್ಚ್ ತಂಡಕ್ಕೆ ಹಿಂದಿನ ಬೇಸಿಗೆಯಲ್ಲಿ ಕರೆಯುತ್ತಾರೆ. ಅಂದರೆ ಏಳೆಂಟು ತಿಂಗಳು ಮುಂಚೆ. ನಿಮ್ಮ ಆರು ತಿಂಗಳ ಕಾರ್ಯಕ್ರಮ ಆ ಗಡುವು ದಾಟಿದ ಮೇಲೆ ಶುರುವಾದರೆ ಒಂದು ಸುತ್ತು ಕೈತಪ್ಪಿತು.

ಯುರೋಪಿಯನ್ ಪಾರ್ಲಿಮೆಂಟಿನ ಶುಮನ್ ಟ್ರೈನೀಶಿಪ್‌ಗೆ ಮೇ ಮತ್ತು ಅಕ್ಟೋಬರ್ ತಿಂಗಳಲ್ಲಿ ಅರ್ಜಿ. ಇಲ್ಲಿ ಬಹಳ ಮಂದಿ ಎಡವುತ್ತಾರೆ: ಒಕ್ಕೂಟದ ಒಂದು ಸಂಸ್ಥೆಯಲ್ಲಿ ಕೆಲವು ವಾರಗಳಿಗಿಂತ ಹೆಚ್ಚು ಕೆಲಸ ಮಾಡಿದವರಿಗೆ ಇನ್ನೊಂದರ ಟ್ರೈನೀಶಿಪ್ ಸಿಗುವುದಿಲ್ಲ. ಸಿಕ್ಕಿದ್ದಕ್ಕೆಲ್ಲ ಹೂಂ ಎನ್ನುವ ಮೊದಲು ಯಾವುದು ಬೇಕೆಂದು ತೀರ್ಮಾನಿಸಬೇಕು.

ವೀಸಾ ಇನ್ನೊಂದು ತೊಡಕು. ಓದು ಮುಗಿದ ಮೇಲೆ ಕೆಲಸ ಹುಡುಕಲು ಜರ್ಮನಿ 18 ತಿಂಗಳು ಕೊಡುತ್ತದೆ, ನೆದರ್ಲೆಂಡ್ಸ್ ಒಂದು ವರ್ಷ. ಆ ಪರವಾನಗಿ ಆಯಾ ದೇಶದೊಳಗೆ ಮಾತ್ರ ನಡೆಯುತ್ತದೆ. ಅದನ್ನು ಹಿಡಿದು ಒಕ್ಕೂಟದ ಸಂಸ್ಥೆಗಳಿರುವ ಬ್ರಸೆಲ್ಸ್‌ನಲ್ಲಿ ಕೆಲಸಕ್ಕೆ ಸೇರಲಾಗದು. ಬೆಲ್ಜಿಯಂನ ಉದ್ಯೋಗದಾತರು ಬೇರೆಯೇ ಪರವಾನಗಿ ಮಾಡಿಸಬೇಕು. ನೆದರ್ಲೆಂಡ್ಸ್‌ನಲ್ಲೇ ಉಳಿಯುವುದಾದರೂ ಆ ವರ್ಷದ ನಂತರ ಸಾಮಾನ್ಯವಾಗಿ ವಲಸೆ ಇಲಾಖೆಯ ಮಾನ್ಯತೆ ಇರುವ ಸ್ಪಾನ್ಸರ್ ಬೇಕಾಗುತ್ತದೆ. ಸಣ್ಣ ಸಂಸ್ಥೆಗಳಿಗೆ ಆ ಮಾನ್ಯತೆ ಇರಬೇಕೆಂದಿಲ್ಲ. ಅರ್ಜಿ ಹಾಕುವ ಮೊದಲೇ ಕೇಳಿಬಿಡುವುದು ಒಳ್ಳೆಯದು.

ಉತ್ತರ: ಕಲಂಕಾರ

ಬಾಗಿಲುಗಳ ವಿಷಯ ಮೇಲೆ ಬಂದಿದೆ. ಒಳಗೆ ಹೋದಮೇಲೆ ಬೇಕಾಗುವುದು ಬರವಣಿಗೆ. ಉಪನ್ಯಾಸಗಳನ್ನು ಅರ್ಧಕ್ಕಿಳಿಸಿ, ಆ ಸಮಯವನ್ನು ಒಕ್ಕೂಟದ ಎಐ ಕಾಯ್ದೆಯ ಪಠ್ಯಕ್ಕೆ ಕೊಡಿ ಎಂದು ಒತ್ತಿ ಹೇಳುತ್ತೇನೆ. ಈ ಕಾಯ್ದೆಯ, ಅಂದರೆ 2024/1689 ಸಂಖ್ಯೆಯ ನಿಯಮಾವಳಿಯ, 2024ರ ಮೂಲ ರೂಪದಲ್ಲಿ 113 ವಿಧಿಗಳು, 13 ಅನುಬಂಧಗಳಿದ್ದವು. ಪೂರ್ತಿ ಬಾಯಿಪಾಠ ಬೇಡ. ಒಂದು ವಿಧಿಯನ್ನು ಬಿಡಿಸಿ ಓದುವುದು ಬಂದರೆ ಉಳಿದದ್ದು ತಾನಾಗಿ ಬರುತ್ತದೆ.

ಅಭ್ಯಾಸಕ್ಕೆ ಒಂದು ಪ್ರಕರಣ ಕೊಡುತ್ತೇನೆ. ಒಂದು ತಂತ್ರಾಂಶ ಉದ್ಯೋಗ ಅರ್ಜಿಗಳನ್ನು ಓದಿ, ಅಭ್ಯರ್ಥಿಗಳಿಗೆ ಅಂಕ ಕೊಟ್ಟು ಸಾಲಾಗಿ ಜೋಡಿಸುತ್ತದೆ. 3ನೇ ಅನುಬಂಧದ 4ನೇ ಅಂಶದ ಪ್ರಕಾರ ನೇಮಕಾತಿಯ ವ್ಯವಸ್ಥೆ ಹೆಚ್ಚು ಅಪಾಯದ ವರ್ಗಕ್ಕೆ ಸೇರುತ್ತದೆ. ಕಂಪನಿ ಮಾತ್ರ ಆ ವರ್ಗದಿಂದ ವಿನಾಯಿತಿ ಕೊಡುವ 6ನೇ ವಿಧಿಯ 3ನೇ ಉಪವಿಧಿ ತೋರಿಸಿ, "ನಮ್ಮದು ಬರೀ ಪೂರ್ವಸಿದ್ಧತೆಯ ಕೆಲಸ, ನಿರ್ಧಾರ ಮನುಷ್ಯರದ್ದೇ" ಎನ್ನುತ್ತದೆ. ಹೊಸಬರಲ್ಲಿ ಹೆಚ್ಚಿನವರು ಇಲ್ಲಿಗೇ ನಿಂತು, ವಾದ ಸರಿಯಿದೆ ಎಂದು ಬರೆಯುತ್ತಾರೆ. ಅದೇ ಉಪವಿಧಿಯ ಕೊನೆಯ ವಾಕ್ಯ ಓದಿದರೆ ವಿಷಯ ಬೇರೆ: 3ನೇ ಅನುಬಂಧದಲ್ಲಿರುವ ವ್ಯವಸ್ಥೆ ವ್ಯಕ್ತಿಗಳ ಪ್ರೊಫೈಲಿಂಗ್ (ವೈಯಕ್ತಿಕ ದತ್ತಾಂಶದಿಂದ ಯಂತ್ರವೇ ವ್ಯಕ್ತಿಯನ್ನು ಅಳೆಯುವುದು) ಮಾಡಿದರೆ ಅದಕ್ಕೆ ಈ ವಿನಾಯಿತಿ ಸಿಗುವುದೇ ಇಲ್ಲ. ಹಾಗಾದರೆ ಅಂಕ ಕೊಡುವುದು ಪ್ರೊಫೈಲಿಂಗ್ ಆಗುತ್ತದೆಯೇ? ಅದರ ವ್ಯಾಖ್ಯೆಗೆ ದತ್ತಾಂಶ ರಕ್ಷಣಾ ನಿಯಮಾವಳಿಯ, ಅಂದರೆ ಜಿಡಿಪಿಆರ್‌ನ, 4ನೇ ವಿಧಿಗೆ ಹೋಗಬೇಕು. ಇಷ್ಟನ್ನು ಎರಡು ಪುಟದಲ್ಲಿ, ತೀರ್ಮಾನವನ್ನು ಮೊದಲ ಪ್ಯಾರಾದಲ್ಲೇ ಇಟ್ಟು ಬರೆಯಿಸಿ. ತೀರ್ಮಾನ ಕೊನೆಗೆ ಬರುವ ಹತ್ತು ಪುಟದ ಪ್ರಬಂಧ ಸಂಸದರ ಕಚೇರಿಯಲ್ಲಿ ಯಾರ ಕೈಗೂ ಒದಗುವುದಿಲ್ಲ.

ಎರಡನೆಯ ಅಭ್ಯಾಸ ತಿದ್ದುಪಡಿ. ಪಾರ್ಲಿಮೆಂಟಿನಲ್ಲಿ ಅದರ ರೂಪ ನಿಶ್ಚಿತ: ಎಡಕ್ಕೆ ಕಮಿಷನ್ನಿನ ಪಠ್ಯ, ಬಲಕ್ಕೆ ನಿಮ್ಮ ಪಠ್ಯ, ಬದಲಾದ ಪದಗಳು ದಪ್ಪ ಓರೆ ಅಕ್ಷರದಲ್ಲಿ, ಕೆಳಗೆ ನಾಲ್ಕೈದು ಸಾಲಿನ ಸಮರ್ಥನೆ. "ಇದು ಸಾಲದು" ಎಂದು ಟೀಕಿಸುವುದು ಸುಲಭ; ಯಾವ ಪದ ತೆಗೆದು ಯಾವ ಪದ ಹಾಕಬೇಕು ಎಂದು ಹೇಳುವಾಗಲೇ ವಿಷಯ ಅರ್ಥವಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಹಳೆಯ ಪಿಡಿಎಫ್ ಇಟ್ಟುಕೊಂಡು ಓದಿಸಬೇಡಿ. ಈ ಕಾಯ್ದೆಯನ್ನೇ ತಿದ್ದುವ ಪ್ರಸ್ತಾವವನ್ನು ಕಮಿಷನ್ 2025ರ ನವೆಂಬರ್ 19ರಂದು ಮಂಡಿಸಿತು. ಹೆಚ್ಚು ಅಪಾಯದ ವ್ಯವಸ್ಥೆಗಳ ಗಡುವು ಮುಂದೂಡುವುದೂ ಅದರಲ್ಲಿತ್ತು. ದಿನಾಂಕ ಉಲ್ಲೇಖಿಸುವ ಮುನ್ನ ಪ್ರತಿ ಸಲವೂ ಒಕ್ಕೂಟದ ಕಾನೂನುಗಳ ಅಧಿಕೃತ ತಾಣವಾದ ಯೂರ್‌ಲೆಕ್ಸ್‌ನ ಇತ್ತೀಚಿನ ಪಠ್ಯ ನೋಡುವ ರೂಢಿ ಮಾಡಿಸಿ. ಸಂದರ್ಶನದಲ್ಲಿ ತಪ್ಪು ದಿನಾಂಕ ಹೇಳಿದರೆ ಎದ್ದು ಕಾಣುತ್ತದೆ.

ದಾರಿದೀಪ

ತುಂಬಾ ಉಪಕಾರವಾಯಿತು, ಇಬ್ಬರಿಗೂ. ಕಂಪ್ಯೂಟರ್ ಸೈನ್ಸ್‌ನವರಿಗೂ ಇದೇ ದಾರಿಯೇ? ಅವರಿಗೆ ಕಾನೂನಿನ ಭಾಷೆ ಎಂದರೆ ಹಿಂಜರಿಕೆ.

ಉತ್ತರ: ಮಾನದಂಡ

6ನೇ ವಿಧಿಯ ಅಭ್ಯಾಸ ಅವರಿಗೂ ಇರಲಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಕಾನೂನಿನವರಿಗೆ ಸಿಗದ ಎರಡು ಜಾಗಗಳು ಅವರಿಗಿವೆ.

ಒಂದು, ಸಾಮಾನ್ಯೋದ್ದೇಶದ ಎಐ ಮಾದರಿಗಳ (ಹಲವು ಬಗೆಯ ಕೆಲಸಕ್ಕೆ ಬಳಸಬಹುದಾದ ಮಾದರಿಗಳ) ಮೇಲ್ವಿಚಾರಣೆ. ಕಮಿಷನ್ನಿನೊಳಗಿನ ಎಐ ಆಫೀಸ್ ಇದನ್ನು ನೋಡಿಕೊಳ್ಳುತ್ತದೆ, ತಂತ್ರಜ್ಞರನ್ನೂ ನೇಮಿಸಿಕೊಂಡಿದೆ. 2025ರ ಜುಲೈ 10ರಂದು ಈ ಮಾದರಿಗಳಿಗಾಗಿ ಹೊರಬಂದ ಆಚರಣಾ ಸಂಹಿತೆಯಲ್ಲಿ (ಕೋಡ್ ಆಫ್ ಪ್ರಾಕ್ಟೀಸ್) ಮೂರು ಅಧ್ಯಾಯಗಳಿವೆ: ಪಾರದರ್ಶಕತೆ, ಕೃತಿಸ್ವಾಮ್ಯ, ಸುರಕ್ಷತೆ ಮತ್ತು ಭದ್ರತೆ. ಮೂರನೆಯದನ್ನು ಒಂದೊಂದೇ ಬದ್ಧತೆಯಾಗಿ ತೆಗೆದುಕೊಂಡು, "ಇದನ್ನು ಪಾಲಿಸಿದ್ದಾರೆಂದು ಯಾವ ಪರೀಕ್ಷೆಯಿಂದ ಗೊತ್ತಾಗುತ್ತದೆ? ಆ ಪರೀಕ್ಷೆ ಎಲ್ಲಿ ಸೋಲಬಹುದು?" ಎಂದು ಒಂದೊಂದು ಪುಟ ಬರೆಯಿಸಿ. ಮಾದರಿಗಳ ಮೌಲ್ಯಮಾಪನ ಗೊತ್ತಿದ್ದು, ಅದನ್ನು ತಂತ್ರಜ್ಞರಲ್ಲದವರಿಗೆ ತಿಳಿಹೇಳಬಲ್ಲವರು ಕಡಿಮೆ.

ಇನ್ನೊಂದು, ಮಾನದಂಡಗಳು. ಕಾಯ್ದೆ ಏನಾಗಬೇಕೆಂದು ಹೇಳುತ್ತದೆ; ಹೇಗೆಂದು ಹೇಳುವುದು ಯುರೋಪಿನ ಮಾನದಂಡ ಸಂಸ್ಥೆಗಳಾದ ಸೆನ್-ಸೆನೆಲೆಕ್‌ನ ಜೆಟಿಸಿ 21 ಸಮಿತಿ. ನೇರವಾಗಿ ಬ್ರಸೆಲ್ಸ್‌ಗೆ ಹೋಗಿ ಸೇರುವಂಥದ್ದಲ್ಲ. ಜರ್ಮನಿಯಲ್ಲಿ ಡಿಐಎನ್, ನೆದರ್ಲೆಂಡ್ಸ್‌ನಲ್ಲಿ ಎನ್‌ಇಎನ್ ನಡೆಸುವ ರಾಷ್ಟ್ರೀಯ ಸಮಿತಿಯ ಮೂಲಕ, ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಅಥವಾ ಸಂಸ್ಥೆಯ ಪರವಾಗಿ ಸೇರಬೇಕು. ನಿಮ್ಮವರು ಓದುತ್ತಿರುವ ವಿಭಾಗದಲ್ಲಿ ಯಾರಾದರೂ ಸದಸ್ಯರಿದ್ದಾರೆಯೇ ಎಂದು ವಿಚಾರಿಸಿ. ಕೆಲಸ ನಿಧಾನ, ಸಭೆಗಳು ದೀರ್ಘ, ಹೊಸಬರು ಬರುವುದೇ ಅಪರೂಪ. ಒಪ್ಪವಾಗಿ ಟಿಪ್ಪಣಿ ಬರೆದುಕೊಡುವವರನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ.

ಬ್ರಸೆಲ್ಸ್ ಒಂದನ್ನೇ ನೋಡುತ್ತ ಕೂರಬೇಡಿ. ಪ್ರತಿ ಸದಸ್ಯ ದೇಶವೂ ಕಾಯ್ದೆಯ ಪಾಲನೆ ನೋಡಿಕೊಳ್ಳುವ ಮಾರುಕಟ್ಟೆ ಕಣ್ಗಾವಲು ಪ್ರಾಧಿಕಾರ ಹೊಂದಿರಬೇಕು. ಸ್ಪೇನ್ ಅಂತೂ ಅ ಕೊರುನ್ಯಾ ನಗರದಲ್ಲಿ ಪ್ರತ್ಯೇಕ ಎಐ ಏಜೆನ್ಸಿಯನ್ನೇ ಕಟ್ಟಿದೆ. ಅಲ್ಲಿ ದೇಶಭಾಷೆ ಬರಲೇಬೇಕು, ಪೈಪೋಟಿಯೂ ಆ ಭಾಷೆ ಬಲ್ಲವರ ನಡುವೆಯೇ.

ಉತ್ತರ: ಕಡತಪ್ರಿಯ

ಒಂದು ಮಾತು ಬಿಟ್ಟುಹೋಗಿತ್ತು. ಕಲಂಕಾರ ಹೇಳಿದ ಎರಡು ಪುಟ ಬರೆಸಿ ಗೂಡಿನಲ್ಲಿಡಬೇಡಿ. ಕಮಿಷನ್ನಿನ ಅಭಿಪ್ರಾಯ ಸಂಗ್ರಹ ತಾಣದಲ್ಲಿ ಯಾರು ಬೇಕಾದರೂ ಪ್ರತಿಕ್ರಿಯೆ ಹಾಕಬಹುದು, ಬಯಸಿದರೆ ಅದು ಹೆಸರಿನೊಂದಿಗೆ ಪ್ರಕಟವಾಗುತ್ತದೆ. ಕರಡು ಅನುಷ್ಠಾನ ನಿಯಮಗಳಿಗೆ (ಕಾಯ್ದೆ ಜಾರಿಗೆ ಕಮಿಷನ್ ಮಾಡುವ ನಿಯಮಗಳು) ಸಾಮಾನ್ಯವಾಗಿ ಇರುವುದು ನಾಲ್ಕೇ ವಾರ, ಹಾಗಾಗಿ ಕರಡು ಬರುವ ಮೊದಲೇ ವಿಷಯ ಆಯ್ದುಕೊಂಡಿರಬೇಕು.

ಸಂಸದರ ಕಚೇರಿಗೆ ಬರೆಯುವಾಗ 720 ಮಂದಿಗೂ ಒಂದೇ ಪತ್ರ ಕಳಿಸಿದರೆ ಉತ್ತರ ಬಾರದು. ಪಾರ್ಲಿಮೆಂಟಿನ ಶಾಸನ ವೀಕ್ಷಣಾ ತಾಣದಲ್ಲಿ ಪ್ರತಿ ಕಡತಕ್ಕೂ ಅದರ ಹೊಣೆ ಹೊತ್ತ ವರದಿಗಾರ ಸಂಸದರು ಯಾರು, ಅದನ್ನೇ ಬೇರೆ ಪಕ್ಷಗಳ ಪರವಾಗಿ ನೋಡಿಕೊಳ್ಳುವ ನೆರಳು ವರದಿಗಾರರು ಯಾರು ಎಂಬ ಪಟ್ಟಿ ಸಿಗುತ್ತದೆ. ನೆರಳು ವರದಿಗಾರರ ಸಹಾಯಕರಿಗೆ ಬರೆಯಿಸಿ: ಐದಾರು ಸಾಲು, ಕಡತದ ಹೆಸರು, ಯಾವ ವಿಧಿಯ ಬಗ್ಗೆ, ಜೊತೆಗೆ ಆ ಎರಡು ಪುಟ. ಸಿವಿ ಕೇಳಿದಾಗ ಕೊಟ್ಟರಾಯಿತು.