ಆಂಜಿಯೋಪ್ಲಾಸ್ಟಿಯ ನಂತರ ಏರುತ್ತಿರುವ ಕ್ರಿಯೇಟಿನಿನ್, ನೀಲಿಗಟ್ಟಿದ ಕಾಲ್ಬೆರಳು

ಪ್ರಶ್ನೆ (ಸೋಮವಾರಪೇಟೆ): ನಮಸ್ಕಾರ ಡಾಕ್ಟರೇ. ಕಾಫಿ ತೋಟ ನೋಡಿಕೊಂಡಿರುವ ನಮ್ಮ ತಂದೆಯವರಿಗೆ 71 ವರ್ಷ, ಬಹುಕಾಲದಿಂದ ಬಿ.ಪಿ. ಇದೆ. ಐದು ವಾರಗಳ ಹಿಂದೆ ಮೈಸೂರಿನಲ್ಲಿ ತೊಡೆಸಂದಿನ ಮೂಲಕ ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ ಹಾಕಿದರು. ಮನೆಗೆ ಬರುವಾಗ 1.3 ಇದ್ದ ಕ್ರಿಯೇಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಅಂಶ) ಮೂರನೇ ವಾರಕ್ಕೆ 2.1, ಈಗ 3.2 ಆಗಿದೆ. ಎರಡು ಕಾಲ್ಬೆರಳುಗಳು ನೀಲಿಗಟ್ಟಿ ನೋಯುತ್ತಿವೆ. ಮಳೆಯಲ್ಲಿ ತೋಟ ಸುತ್ತಿದ್ದರಿಂದ ಶೀತ ಹಿಡಿದಿದೆ ಎಂದು ಮನೆಯವರು ಹೇಳುತ್ತಾರೆ. ಕಿಡ್ನಿಗೆ ತೊಂದರೆಯಾದದ್ದು ಆಂಜಿಯೋದಲ್ಲಿ ರಕ್ತನಾಳ ಕಾಣಲೆಂದು ಹಾಕುವ ಡೈಯಿಂದಲೇ?

ಉತ್ತರ (ಕಿಡ್ನಿ ತಜ್ಞರು): ನಮಸ್ಕಾರ. ನೀವು ಬರೆದುದರಲ್ಲಿ ದಿನಗಳ ಲೆಕ್ಕವೇ ದೊಡ್ಡ ಸುಳಿವು. ಡೈಯಿಂದಾದ ತೊಂದರೆಯಲ್ಲಿ ಕ್ರಿಯೇಟಿನಿನ್ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲೇ ಏರಿ, ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ವಾರಗಳು ಕಳೆದಂತೆ ಹಂತಹಂತವಾಗಿ ಏರುತ್ತಲೇ ಇದ್ದು, ಜೊತೆಗೆ ಬೆರಳೂ ನೀಲಿಯಾಗಿದ್ದರೆ, ಕೊಲೆಸ್ಟ್ರಾಲ್ ಹರಳುಗಳು ಕಿಡ್ನಿಯ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಿರಬಹುದೆಂದು ನಾನು ಮೊದಲು ಸಂಶಯಪಡುತ್ತೇನೆ. ಗಡುಸಾದ ಮಹಾಪಧಮನಿಯ ಒಳಗೋಡೆಯಲ್ಲಿ ವರ್ಷಗಟ್ಟಲೆ ಕಟ್ಟಿಕೊಂಡ ಕೊಬ್ಬಿನ ಪದರಕ್ಕೆ, ತೊಡೆಯಿಂದ ಹೃದಯದವರೆಗೆ ಸಾಗುವ ಕ್ಯಾತಿಟರ್ ಎಂಬ ತೆಳು ನಳಿಕೆ ತಾಗಿದಾಗ, ಕಳಚಿಕೊಂಡ ಹರಳುಗಳು ರಕ್ತದೊಂದಿಗೆ ಹರಿದು ಕಿಡ್ನಿ, ಪಾದ, ಕೆಲವೊಮ್ಮೆ ಕಣ್ಣನ್ನೂ ಸೇರುತ್ತವೆ. ಅವು ನಾಳವನ್ನು ಕಟ್ಟುವುದಷ್ಟೇ ಅಲ್ಲದೆ ಅಲ್ಲಿ ಉರಿಯೂತವನ್ನೂ ಎಬ್ಬಿಸುವುದರಿಂದ ಹಾನಿ ನಿಧಾನವಾಗಿ ಹೆಚ್ಚುತ್ತದೆ.

ಪಾದದ ನಾಡಿ ಚೆನ್ನಾಗಿ ಸಿಗುತ್ತಿದ್ದರೂ ಬೆರಳು ನೀಲಿಯಾಗಿದ್ದರೆ, ಕಾಲಿನ ಚರ್ಮದ ಮೇಲೆ ಬಲೆಯಂಥ ನೇರಳೆ ಗೆರೆಗಳು ಮೂಡಿದ್ದರೆ, ಅದನ್ನು ಮಳೆಗಾಲದ ಶೀತವೆಂದು ಬಿಡಬೇಡಿ. ಬೆರಳನ್ನು ಒಲೆಯ ಬಿಸಿಗೂ ಹಿಡಿಯಬೇಡಿ. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಗೆಯ ಬಿಳಿ ಕಣಗಳು ಹೆಚ್ಚಿರುವುದು, ಕಣ್ಣಿನ ಪರದೆಯಲ್ಲಿ ಹೊಳೆಯುವ ಹರಳು ಕಾಣುವುದು ಸಂಶಯವನ್ನು ಬಲಪಡಿಸುತ್ತವೆ. ಖಚಿತಪಡಿಸುವುದು ಬಯಾಪ್ಸಿ, ಅಂದರೆ ಚೂರು ಅಂಗಾಂಶ ತೆಗೆದು ಮಾಡುವ ಪರೀಕ್ಷೆ, ಆದರೆ ಎಲ್ಲರಿಗೂ ಅದು ಬೇಕಾಗುವುದಿಲ್ಲ.

ಪ್ರಶ್ನೆ: ಅವರು ಪಂದಿಕರಿ ತಿನ್ನುತ್ತಿದ್ದುದೇ ಕಾರಣವೇ? ಕಿಡ್ನಿಗಾಗಿ ಸ್ಟೆಂಟ್ ಮಾತ್ರೆಗಳನ್ನು ನಿಲ್ಲಿಸಬೇಕೇ?

ಉತ್ತರ: ಇಂದು ನಿನ್ನೆಯ ಊಟದಿಂದ ಇದು ಆದದ್ದಲ್ಲ, ಅವರನ್ನು ದೂರಬೇಡಿ. ಸ್ಟೆಂಟ್ ಮಾತ್ರೆಗಳನ್ನು ನೀವಾಗಿ ಒಂದು ದಿನವೂ ನಿಲ್ಲಿಸಕೂಡದು, ಸ್ಟೆಂಟ್ ಕಟ್ಟಿಕೊಂಡರೆ ಪ್ರಾಣಕ್ಕೇ ಅಪಾಯ. ವಾರ್ಫರಿನ್‌ನಂಥ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಇದ್ದರೆ ಮುಂದುವರಿಸಬೇಕೇ ಎಂಬುದನ್ನು ಹೃದ್ರೋಗ ತಜ್ಞರೇ ನಿರ್ಧರಿಸಲಿ. ಹರಳನ್ನು ಕರಗಿಸುವ ಔಷಧವಿಲ್ಲ. ಬಿ.ಪಿ. ಹತೋಟಿ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ನೋವಿನ ಮಾತ್ರೆಗಳನ್ನು ದೂರವಿಡುವುದು, ತೀರಾ ಅನಿವಾರ್ಯವಲ್ಲದೆ ಮತ್ತೊಂದು ಆಂಜಿಯೋ ಮಾಡಿಸದಿರುವುದು, ಇವೇ ಕಿಡ್ನಿಯನ್ನು ಉಳಿಸುವ ದಾರಿ. ಡಯಾಲಿಸಿಸ್ ಬೇಕಾದವರಲ್ಲಿಯೂ ಕೆಲವರು ತಿಂಗಳುಗಳ ನಂತರ ಅದರಿಂದ ಹೊರಬಂದಿದ್ದಾರೆ. ಒಂದೆರಡು ದಿನಗಳೊಳಗೆ ಡಿಸ್ಚಾರ್ಜ್ ಸಮ್ಮರಿಯೊಂದಿಗೆ ಕಿಡ್ನಿ ತಜ್ಞರನ್ನು ಕಾಣಿರಿ. ಮೂತ್ರ ಕಡಿಮೆಯಾದರೆ ಅಥವಾ ಉಸಿರು ಕಟ್ಟಿದರೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.